ಅಮೆರಿಕದ ಸಾಲಮನ್ನಾ ಜಗಳ: ಮೊದಲು ನಿಮ್ಮ ಮನೆಯ ಲೋನ್ ಯಾವುದು ನೋಡಿ

ಇಲ್ಲಿ ಅಮೆರಿಕದಲ್ಲಿ ಯುಗಾದಿ ಊಟಕ್ಕೆ ನಾಲ್ಕು ಮನೆಯವರು ಸೇರಿದರೆ ಸಾಕು, ಹೋಳಿಗೆ ಮುಗಿಯುವಷ್ಟರಲ್ಲಿ ಸ್ಟೂಡೆಂಟ್ ಲೋನ್ ಮನ್ನಾ ಮಾತು ಬಂದೇ ಬರುತ್ತದೆ. "ನಾವು ಹೊಟ್ಟೆ ಬಟ್ಟೆ ಕಟ್ಟಿ ತೀರಿಸಿದೆವು, ಇವರಿಗ್ಯಾಕೆ ಪುಕ್ಕಟೆ?" ಅಂತ ಒಬ್ಬರು. "ಹತ್ತು ವರ್ಷ ಕಟ್ಟಿದರೂ ಅಸಲು ಇಳಿಯದಿದ್ದರೆ ಮಕ್ಕಳು ಏನು ಮಾಡಬೇಕು?" ಅಂತ ಇನ್ನೊಬ್ಬರು. 2018ರಲ್ಲಿ ಕುಮಾರಸ್ವಾಮಿ ಸರ್ಕಾರ ಬೆಳೆಸಾಲ ಮನ್ನಾ ಮಾಡಿದಾಗ ಊರಲ್ಲಿ ಕೇಳಿದ ಜಗಳವೇ ಇದು. ಕಂತು ತಪ್ಪದೆ ಕಟ್ಟಿದವನೇ ದಡ್ಡನಾ ಅಂತ.

ಆದರೆ ಈ ಮನ್ನಾ ಮಾತೆಲ್ಲ ಫೆಡರಲ್ ಲೋನಿಗೆ, ಅಂದರೆ ಇಲ್ಲಿನ ಕೇಂದ್ರ ಸರ್ಕಾರದ ಸಾಲಕ್ಕೆ ಮಾತ್ರ. ಊರಿನ ಸೈಟು ಅಡವಿಟ್ಟು ಸಾಲ ತಂದು ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ, ಇಲ್ಲಿನ ಖಾಸಗಿ ಕಂಪನಿಯಿಂದ ತೆಗೆದುಕೊಂಡವರಿಗೆ, ಇದರಿಂದ ಒಂದು ಡಾಲರೂ ಇಲ್ಲ. ಎಚ್-1ಬಿ ಕೆಲಸದ ವೀಸಾದವರಿಗೆ ಫೆಡರಲ್ ಲೋನ್ ಸಿಗುವುದೇ ಇಲ್ಲ, ಗ್ರೀನ್ ಕಾರ್ಡ್ ಬಂದಮೇಲೆ ಸಿಗುತ್ತದೆ. ಇಲ್ಲೇ ಹುಟ್ಟಿದ ಮಕ್ಕಳು ಮಾತ್ರ, ಅಪ್ಪ ಅಮ್ಮ ಯಾವ ವೀಸಾದಲ್ಲಿದ್ದರೂ, ಸರ್ಕಾರದ ವಿದ್ಯಾರ್ಥಿ ನೆರವಿನ ಅರ್ಜಿಯಾದ ಫಾಫ್ಸಾ ಫಾರಂ ತುಂಬಿ ಕೇಳಬಹುದು. ನಮಗೆಲ್ಲಿ ಬರುತ್ತೆ ಅಂತ ಎಷ್ಟೋ ಜನ ಸುಮ್ನೆ ಬಿಟ್ಟುಬಿಡುತ್ತಾರೆ.

ಆಗ ಅಧ್ಯಕ್ಷರಾಗಿದ್ದ ಬೈಡನ್ 2022ರ ಆಗಸ್ಟಿನಲ್ಲಿ ತಲಾ 10,000 ಡಾಲರ್, ಕಡಿಮೆ ಆದಾಯದ ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಪಡೆದಿದ್ದವರಿಗೆ 20,000ದವರೆಗೆ ಮನ್ನಾ ಅಂದರು. 2023ರ ಜೂನ್ 30ರಂದು ಸುಪ್ರೀಂ ಕೋರ್ಟ್ 6-3ರಲ್ಲಿ ಅದನ್ನು ಹೊಡೆದುಹಾಕಿತು. ಮನ್ನಾ ಒಳ್ಳೆಯದಾ ಕೆಟ್ಟದ್ದಾ ಅನ್ನುವ ಗೋಜಿಗೆ ಕೋರ್ಟ್ ಹೋಗಲಿಲ್ಲ, ಬೈಡನ್ ಸರ್ಕಾರ ಆಧಾರವಾಗಿ ತೋರಿಸಿದ 2003ರ ಕಾಯ್ದೆ ಇಷ್ಟು ದೊಡ್ಡ ಅಧಿಕಾರ ಕೊಡುವುದಿಲ್ಲ, ಅದಕ್ಕೆ ಕಾಂಗ್ರೆಸ್ಸಿನ ಒಪ್ಪಿಗೆ ಬೇಕು ಅಂದಿತು. (ನಮ್ಮೂರ ಪಕ್ಷ ಅಲ್ಲ ಮಾರಾಯ್ರೇ, ಇಲ್ಲಿನ ಪಾರ್ಲಿಮೆಂಟು.)

ಈ ಗಲಾಟೆಯಲ್ಲಿ ಜನ ಮರೆಯುವುದು ಸಾರ್ವಜನಿಕ ಸೇವೆಯಲ್ಲಿರುವವರ ಸಾಲಮನ್ನಾ ಯೋಜನೆಯಾದ ಪಿಎಸ್‌ಎಲ್‌ಎಫ್ ಅನ್ನು. 2007ರಿಂದ ಕಾನೂನಲ್ಲೇ ಇದೆ. ಸರ್ಕಾರಿ ಕೆಲಸದಲ್ಲೋ ಲಾಭ ಮಾಡದ ಸಂಸ್ಥೆಯಲ್ಲೋ ಫುಲ್ ಟೈಮ್ ಇದ್ದು 120 ಕಂತು ಕಟ್ಟಿದರೆ ಉಳಿದದ್ದು ಮನ್ನಾ. ಇಲ್ಲಿನ ಎಷ್ಟೋ ಆಸ್ಪತ್ರೆಗಳು ಲಾಭ ಮಾಡದ ಸಂಸ್ಥೆಗಳೇ, ಹಾಗಾಗಿ ಡಾಕ್ಟರ್ ಮಕ್ಕಳ ರೆಸಿಡೆನ್ಸಿ (ಆಸ್ಪತ್ರೆ ತರಬೇತಿ) ವರ್ಷಗಳೂ ಲೆಕ್ಕಕ್ಕೆ ಬರಬಹುದು. ನನ್ನನ್ನು ಕೇಳಿದರೆ, ಚುನಾವಣೆ ಹೊತ್ತಿನ ಘೋಷಣೆಗಿಂತ ಇದು ಮೇಲು, ಸಾಲ ತೆಗೆದುಕೊಳ್ಳುವಾಗಲೇ ಷರತ್ತು ಗೊತ್ತಿರುತ್ತದೆ ಅಲ್ವಾ.

ಷರತ್ತು ಮಾತ್ರ ಜಾಸ್ತಿ. ಶುರುವಿನ ವರ್ಷಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಅರ್ಜಿ ತಿರಸ್ಕಾರ ಆದವು, ಲೋನ್ ಬೇರೆ ಬಗೆಯದು, ಕಂತಿನ ಪ್ಲಾನ್ ಬೇರೆ, ಕಂತು ಇನ್ನೂ 120 ಆಗಿಲ್ಲ ಅಂತ. ನಮ್ಮ ಪಕ್ಕದ ಮನೆ ಹುಡುಗಿ ಸರ್ಕಾರಿ ಶಾಲೆಯಲ್ಲಿ ಟೀಚರ್. ಅವಳ ಫ್ರಿಜ್ ಬಾಗಿಲಿಗೆ 120 ಚೌಕದ ಹಾಳೆ ಅಂಟಿಸಿದ್ದಾಳೆ, ಕಂತು ಹೋದ ದಿನ ಒಂದು ಚೌಕಕ್ಕೆ ಗೆರೆ. ಸಾಲ ನೋಡಿಕೊಳ್ಳುವ ಕಂಪನಿ ಬದಲಾದಾಗ ಹೊಸಬರ ಲೆಕ್ಕದಲ್ಲಿ ಏಳು ಕಂತು ನಾಪತ್ತೆ. ಅವಳು ಪ್ರತಿವರ್ಷ ಶಾಲೆಯಿಂದ ಸಹಿ ಹಾಕಿಸಿಟ್ಟ ಫಾರಂಗಳನ್ನೂ ಕಂತಿನ ರಸೀದಿಗಳನ್ನೂ ಕಳಿಸಿದಮೇಲೆ ಏಳೂ ವಾಪಸ್ ಬಂದವು.