ಲಾಕ್‌ಹಾರ್ಟ್ ಜೀವನಚಿತ್ರ ಬರೆದದ್ದು ಹೀಗೆ

ರಾಬರ್ಟ್ ಬ್ರೂಸ್ ಲಾಕ್‌ಹಾರ್ಟ್ (1887–1970) ಎಂಬ ಬ್ರಿಟಿಷ್ ರಾಜತಾಂತ್ರಿಕನ ಬಗ್ಗೆ ಬರೆಯಲು ಕೂತಾಗ ಮೊದಲು ತೇದಿಗಳ ಪಟ್ಟಿ ಮಾಡಿಕೊಂಡೆ. ರಷ್ಯಾ ಹಳೆಯ ಜೂಲಿಯನ್ ಪಂಚಾಂಗ ಬಿಟ್ಟು ಇಂದಿನ ಗ್ರೆಗೋರಿಯನ್ ಪಂಚಾಂಗಕ್ಕೆ ಬಂದದ್ದರಿಂದ ಅಲ್ಲಿ 1918ರ ಜನವರಿ 31ರ ಮರುದಿನವೇ ಫೆಬ್ರವರಿ 14. ಅದಕ್ಕೂ ಹಿಂದಿನ ರಷ್ಯನ್ ಕಾಗದಗಳಿಗೆ 13 ದಿನ ಕೂಡಿಸಬೇಕು, ಲಂಡನ್ನಿನ ತಂತಿಗಳಿಗೆ ಕೂಡಿಸಬಾರದು. ಹಳೆಯ ತೇದಿಗೊಂದು, ಹೊಸದಕ್ಕೊಂದು ಕಲಂ ಇಡದಿದ್ದರೆ ಪ್ರಶ್ನೆಗಿಂತ ಮೊದಲೇ ಉತ್ತರ ಬಂದಂತೆ ಕಾಣುತ್ತದೆ.

ಆಮೇಲೆ ಹುದ್ದೆ. 1912ರಲ್ಲಿ ಮಾಸ್ಕೋದ ಉಪ ಕಾನ್ಸುಲ್ ಆದವನು 1918ರ ಜನವರಿಯಲ್ಲಿ ಮರಳಿ ಬಂದದ್ದು ಅನಧಿಕೃತ ಪ್ರತಿನಿಧಿಯಾಗಿ. ಲೆನಿನ್‌ನ ಬೊಲ್ಶೆವಿಕ್ ಸರ್ಕಾರಕ್ಕೆ ಬ್ರಿಟನ್ ಮಾನ್ಯತೆ ಕೊಟ್ಟಿರಲಿಲ್ಲ. ಲಂಡನ್ನಿನಲ್ಲಿ ಬೊಲ್ಶೆವಿಕರ ಪ್ರತಿನಿಧಿಯಾಗಿದ್ದ ಲಿಟ್ವಿನೊವ್ ಸ್ಥಿತಿಯೂ ಅದೇ. ಇದನ್ನು ಮೊದಲೇ ಹೇಳಿಬಿಟ್ಟರೆ ಇಬ್ಬರೂ ಸೆರೆಯಾಗಿ, ಅಕ್ಟೋಬರಿನಲ್ಲಿ ಒಬ್ಬರಿಗೊಬ್ಬರು ವಿನಿಮಯವಾದದ್ದು ಓದುಗರಿಗೆ ಸಲೀಸಾಗಿ ಅರ್ಥವಾಗುತ್ತದೆ.

ಹೆಚ್ಚು ಸಮಯ ಹಿಡಿದದ್ದು 1918ರ ಆಗಸ್ಟ್. ಕ್ರೆಮ್ಲಿನ್ ಕಾವಲಿನ ಲಾಟ್ವಿಯನ್ ಪಡೆಯ ಅಧಿಕಾರಿ ಬೆರ್ಜಿನ್, ಜೊತೆಗೆ ಶ್ಮಿಡ್ಖೆನ್ ಎಂಬವನು ಲಾಕ್‌ಹಾರ್ಟ್ ಮನೆಗೆ ಬಂದರು. ಇಬ್ಬರೂ ಬೊಲ್ಶೆವಿಕರ ಗುಪ್ತ ಪೊಲೀಸ್ ಪಡೆಯಾದ ಚೇಕಾದ ಕಡೆಯವರು. ಲಾಕ್‌ಹಾರ್ಟ್ ಅವರಿಗೆ ರಹದಾರಿ ಪತ್ರ ಬರೆದುಕೊಟ್ಟು ಬ್ರಿಟಿಷ್ ಗೂಢಚಾರ ಸಿಡ್ನಿ ರೈಲಿಯ ಸಂಪರ್ಕ ಮಾಡಿಸಿದ. ಬೊಲ್ಶೆವಿಕ್ ಸರ್ಕಾರವನ್ನು ಉರುಳಿಸುವ ದಂಗೆಯ ಯೋಜನೆ ರೈಲಿಯದು ಎನ್ನುತ್ತದೆ ಲಾಕ್‌ಹಾರ್ಟನ 1932ರ ಆತ್ಮಕಥೆ. ಚೇಕಾ ಪ್ರಕಾರ ಸೂತ್ರಧಾರ ಲಾಕ್‌ಹಾರ್ಟನೇ. ಎರಡನ್ನೂ ಬೆರೆಸಿ ಒಂದೇ ಕಥೆ ಮಾಡುವುದು ಸುಲಭ, ಆದರೆ ಆಗ ಯಾರ ಮಾತು ಯಾವುದೆಂದೇ ತಿಳಿಯುವುದಿಲ್ಲ. ಹಾಗಾಗಿ ಪ್ರತಿ ವಾಕ್ಯದ ಪಕ್ಕ ಹೇಳಿದವರು ಯಾರು, ಘಟನೆಯಾಗಿ ಎಷ್ಟು ವರ್ಷಕ್ಕೆ ಹೇಳಿದರು ಎಂದು ಗುರುತು ಹಾಕಿಕೊಂಡೆ. ಲಂಡನ್ನಿನ ಕ್ಯೂ ಬಡಾವಣೆಯ ರಾಷ್ಟ್ರೀಯ ದಫ್ತರದಲ್ಲಿರುವ ಬ್ರಿಟಿಷ್ ವಿದೇಶಾಂಗ ಕಡತಗಳಿಗೆ ಮೂರನೆಯ ಗುರುತು. ದಂಗೆಗೆಂದು ಬೆರ್ಜಿನ್ ಕೈಸೇರಿದ್ದು 12 ಲಕ್ಷ ರೂಬಲ್ ಎನ್ನುತ್ತಾರೆ. ಅದನ್ನು ಪೌಂಡಿಗೆ ತಿರುಗಿಸಬೇಡಿ: ಆಗ ತ್ಸಾರ್ ಕಾಲದ ನೋಟು, 1917ರ ತಾತ್ಕಾಲಿಕ ಸರ್ಕಾರದ ಕೆರೆನ್ಸ್ಕಿ ನೋಟು ಎಲ್ಲ ಬೇರೆಬೇರೆ ಬೆಲೆಗೆ ಓಡುತ್ತಿದ್ದವು.

ಆಗಸ್ಟ್ 30ರಂದು ಲೆನಿನ್ ಮೇಲೆ ಗುಂಡು ಹಾರಿತು. ಅದರ ಬೆನ್ನಿಗೇ ಲಾಕ್‌ಹಾರ್ಟ್ ಬಂಧನ, ಬಿಡುಗಡೆ, ಸೆಪ್ಟೆಂಬರ್ 4ಕ್ಕೆ ಮತ್ತೆ ಬಂಧನ. ಎರಡು ಬಂಧನಗಳನ್ನು ಒಂದು ಮಾಡಿದರೆ ಚೇಕಾದ ಮುಖ್ಯ ಕಚೇರಿಯಾದ ಲುಬ್ಯಾಂಕಾ, ಕ್ರೆಮ್ಲಿನ್ ಸೆರೆವಾಸಗಳ ಲೆಕ್ಕ ಕೆಡುತ್ತದೆ.

ಎರಡನೇ ಮಹಾಯುದ್ಧದಲ್ಲಿ, 1941ರಿಂದ 1945ರವರೆಗೆ, ಶತ್ರುದೇಶಗಳಿಗೆ ಪ್ರಚಾರ ನಡೆಸುವ ಪೊಲಿಟಿಕಲ್ ವಾರ್‌ಫೇರ್ ಎಕ್ಸಿಕ್ಯುಟಿವ್ ಇವನ ಕೈಯಲ್ಲಿತ್ತು. ಜರ್ಮನ್ ಕೇಂದ್ರದಂತೆ ನಟಿಸುತ್ತಿದ್ದ ಗುಪ್ತ ರೇಡಿಯೋ ಕಟ್ಟಿದವನು ಸೆಫ್ಟನ್ ಡೆಲ್ಮರ್. ಆ ಹೆಗ್ಗಳಿಕೆಯನ್ನು ಲಾಕ್‌ಹಾರ್ಟ್ ತಲೆಗೆ ಕಟ್ಟಬಾರದು. ಮಂತ್ರಿಗಳು, ಸೇನೆ, ಬಿಬಿಸಿ ನಡುವಿನ ಜಗ್ಗಾಟ ನಿಭಾಯಿಸಿದ್ದು ಇವನ ಪಾಲು, ಅದೇನು ಸಣ್ಣ ಕೆಲಸವಲ್ಲ. ಈ ಭಾಗಕ್ಕೆ ನಾನು ನೆಚ್ಚಿದ್ದು 1973 ಮತ್ತು 1980ರಲ್ಲಿ ಎರಡು ಸಂಪುಟಗಳಾಗಿ ಅಚ್ಚಾದ ದಿನಚರಿಯನ್ನು. ಆಯ್ದು ಸಂಪಾದಿಸಿದ್ದರಿಂದ, ಅದರಲ್ಲಿ ಒಂದು ವಿಷಯ ಇಲ್ಲವೆಂದ ಮಾತ್ರಕ್ಕೆ ಅದು ನಡೆದೇ ಇಲ್ಲ ಎಂದು ಬರೆಯಲು ಬರುವುದಿಲ್ಲ.