ಸಹಾಯಧನ ಖಾತೆಗೆ ಬೀಳದಿದ್ದರೆ: ಮೊದಲು ಪಹಣಿ, ಆಮೇಲೆ ಬ್ಯಾಂಕು

ಸರ್ಕಾರದ ಕೃಷಿ ಸಹಾಯಧನ ಅಕ್ಕಪಕ್ಕದ ಹೊಲದವರಿಗೆ ಬಂದಿದೆ, ನಿಮಗೆ ಬಂದಿಲ್ಲ ಎಂದಾದರೆ ಮತ್ತೊಂದು ಅರ್ಜಿ ಹಾಕಲು ಓಡಬೇಡಿ. ತೊಡಕು ಅರ್ಜಿಗಿಂತ ಹೆಚ್ಚಾಗಿ ಪಹಣಿ (ಜಮೀನಿನ ದಾಖಲೆ), ಫ್ರೂಟ್ಸ್ (ರಾಜ್ಯ ಸರ್ಕಾರದ ರೈತರ ದತ್ತಾಂಶ) ನೋಂದಣಿ, ಬ್ಯಾಂಕ್ ಖಾತೆ ಈ ಮೂರು ಒಂದಕ್ಕೊಂದು ಹೊಂದದಿರುವುದರಲ್ಲಿರುತ್ತದೆ. ಸರಿಪಡಿಸುವುದೂ ಇದೇ ಕ್ರಮದಲ್ಲಿ. ಪಹಣಿಯೇ ತಪ್ಪಿದ್ದರೆ ಬ್ಯಾಂಕಿಗೆ ಎಷ್ಟು ಅಲೆದರೂ ಪ್ರಯೋಜನವಿಲ್ಲ.

ಕಂದಾಯ ಇಲಾಖೆಯ ಭೂಮಿ ವೆಬ್‌ಸೈಟಿನಲ್ಲಿ ಸರ್ವೆ ನಂಬರ್ ಹಾಕಿ, ಮಾಲೀಕರ ಹೆಸರಿರುವ ಪಹಣಿಯ 9ನೇ ಕಾಲಂ ನೋಡಿ. ಉಳುಮೆ ನಿಮ್ಮದಾಗಿದ್ದು ಹೆಸರು ಮಾತ್ರ ತೀರಿಕೊಂಡ ತಂದೆಯದೋ ಅಜ್ಜನದೋ ಆಗಿದ್ದರೆ ಯಾವ ಯೋಜನೆಯೂ ನಿಮ್ಮನ್ನು ಗುರುತಿಸುವುದಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಅಣ್ಣತಮ್ಮಂದಿರು ಒಪ್ಪಿರುವಾಗಲೇ ಈ ಕೆಲಸ ಮುಗಿಸಿಕೊಳ್ಳುವುದು ಕ್ಷೇಮ.

ಪಹಣಿ ಸರಿಯಾದ ಮೇಲೆ ಆಧಾರ್, ಪಾಸ್‌ಬುಕ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಫ್ರೂಟ್ಸ್ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಇದ್ದರೆ ಸಾಲದು. ಅದಕ್ಕೆ ನಿಮ್ಮ ಎಲ್ಲ ಸರ್ವೆ ನಂಬರ್‌ಗಳೂ ಸೇರಿರಬೇಕು. ಬೇರೆ ಹೋಬಳಿಯಲ್ಲಿರುವ ತುಂಡು ಜಮೀನು ಬಿಟ್ಟುಹೋಗಿದ್ದರೆ ಅದರ ಬೆಳೆ ಪರಿಹಾರವೂ ಕೈತಪ್ಪಬಹುದು. ಬೆಳೆ ಸಮೀಕ್ಷೆಯಲ್ಲಿ ರಾಗಿ ಹೊಲ ಪಾಳು ಎಂದು ದಾಖಲಾಗಿದೆಯೇ ಎಂಬುದನ್ನೂ ಬೆಳೆ ದರ್ಶಕ್ ಆ್ಯಪಿನಲ್ಲಿ ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಹಾಕಿ.

ಹೆಚ್ಚಿನವರು ಎಡವುವುದು ಬ್ಯಾಂಕಿನಲ್ಲಿ. ಆಧಾರ್ ಆಧಾರಿತ ಪಾವತಿ ನೀವು ಕೊಟ್ಟ ಪಾಸ್‌ಬುಕ್ ನೋಡಿ ಬರುವುದಿಲ್ಲ. ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ನಿಮ್ಮ ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆ ಯಾವುದೋ ಅಲ್ಲಿಗೇ ಹೋಗುತ್ತದೆ. ಹಾಗಾಗಿ "ಬಂದಿಲ್ಲ" ಎಂದುಕೊಂಡ ಹಣ ಎಂದೋ ತೆರೆದು ಮರೆತ ಖಾತೆಯಲ್ಲಿ ಬಿದ್ದಿರುವುದುಂಟು. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ (ಈ ಪಟ್ಟಿಯಲ್ಲಿನ ಜೋಡಣೆ) ಸ್ಥಿತಿ ನೋಡಿದರೆ ಬ್ಯಾಂಕಿನ ಹೆಸರು ಸಿಗುತ್ತದೆ. ಒಟಿಪಿ ಬರಲು ಮೊಬೈಲ್ ನಂಬರ್ ಆಧಾರ್‌ನಲ್ಲಿ ನೋಂದಾಯಿಸಿರಬೇಕು. ಬದಲಿಸಬೇಕಿದ್ದರೆ, ಬೇಕಾದ ಬ್ಯಾಂಕಿನಲ್ಲಿ ಎನ್‌ಪಿಸಿಐ ಸೀಡಿಂಗ್‌ಗೆ ಲಿಖಿತ ಒಪ್ಪಿಗೆ ಕೊಡಿ. ಕೆವೈಸಿಗೆ (ಗ್ರಾಹಕರ ಗುರುತು ಪರಿಶೀಲನೆಗೆ) ಆಧಾರ್ ಪ್ರತಿ ಕೊಟ್ಟದ್ದು ಸೀಡಿಂಗ್ ಅಲ್ಲ. "ಲಿಂಕ್ ಆಗಿದೆ" ಎಂಬ ಉತ್ತರಕ್ಕೆ ಸುಮ್ಮನಾಗದೆ ಎನ್‌ಪಿಸಿಐ ಎಂಬ ಪದವನ್ನೇ ಬಳಸಿ ಕೇಳಿ.

ಕೇಂದ್ರ ಸರ್ಕಾರದ ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, 2,000ದ ಮೂರು ಕಂತು. ಇದಕ್ಕೆ ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತಿನ ಆನ್‌ಲೈನ್ ದೃಢೀಕರಣ ಕಡ್ಡಾಯ. ಒಟಿಪಿ ಬರದಿದ್ದರೆ ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಡಬಹುದು. ದುಡಿದು ರೇಖೆ ಸವೆದ ಕೈಗಳಿಗೆ ಪಿಎಂ ಕಿಸಾನ್ ಆ್ಯಪಿನ ಮುಖ ಗುರುತು ಸುಲಭ. ಪೋರ್ಟಲ್‌ನಲ್ಲಿ ಇ-ಕೆವೈಸಿ, ಜಮೀನು ಜೋಡಣೆ, ಆಧಾರ್ ಸೀಡಿಂಗ್ ಮೂರಕ್ಕೂ "ಹೌದು" ಇರಬೇಕು. ಸಹಾಯವಾಣಿ 155261.

ಹನಿ ನೀರಾವರಿಯ ದಾರಿ ಬೇರೆ. ಸಹಾಯಧನ ಸಿಗುತ್ತದೆಂದು ಮೊದಲೇ ಪೈಪು ಕೊಂಡು ಬಿಲ್ಲು ತಂದರೆ ನಡೆಯುವುದಿಲ್ಲ. ಇಲಾಖೆಯ ಕಾರ್ಯಾದೇಶ ಕೈಗೆ ಬಂದ ನಂತರವೇ, ಇಲಾಖೆ ಅನುಮೋದಿಸಿದ ಕಂಪನಿಯಿಂದ ಅಳವಡಿಸಿಕೊಳ್ಳಿ.