ಬಿಲ್ ಪಾಸಾಗುವ ಮುಂಚೆ ಕೇಳಿ: ಗ್ರಾಮ ಪಂಚಾಯಿತಿ ಸದಸ್ಯರು ಖರ್ಚಿನ ಲೆಕ್ಕ ನೋಡುವುದು ಹೇಗೆ?

ಸಾಮಾನ್ಯ ಸಭೆಯಲ್ಲಿ ಜಮಾ-ಖರ್ಚಿನ ವಿಷಯ ಬರುತ್ತದೆ. ಸದಸ್ಯರೊಬ್ಬರು ಎದ್ದು ನಿಂತು, 'ಆ ರಸ್ತೆಗೆ ಅಷ್ಟೊಂದು ದುಡ್ಡು ಯಾಕಾಯ್ತು?' ಎಂದು ಕೇಳುತ್ತಾರೆ. 'ಎಲ್ಲಾ ಎಸ್ಟಿಮೇಟ್ ಪ್ರಕಾರವೇ ಆಗಿದೆ' ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಮುಗಿಯಿತು. ಸಭೆ ಮುಂದಿನ ವಿಷಯಕ್ಕೆ ಹೋಗುತ್ತದೆ.

ಪ್ರಶ್ನೆ ಕೇಳಿದ್ದು ಸರಿಯೇ. ಆದರೆ ಕೇಳಿದವರ ಕೈಯಲ್ಲಿ ಕಾಗದ ಇರಲಿಲ್ಲ, ಅಳತೆ ಇರಲಿಲ್ಲ. ಅಷ್ಟರಲ್ಲಿ ಬಿಲ್ ಕೂಡ ಪಾವತಿಯಾಗಿತ್ತು. ಹಣ ಹೋದ ಮೇಲೆ ಕೇಳುವ ಪ್ರಶ್ನೆಗೂ, ಹೋಗುವ ಮುಂಚೆ ಕೇಳುವ ಪ್ರಶ್ನೆಗೂ ತುಂಬಾ ವ್ಯತ್ಯಾಸ ಇದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಹೊಸದಾಗಿ ಗೆದ್ದು ಬರುವ ಸದಸ್ಯರಿಗೆ ಮೊದಲು ಹೇಳಿಕೊಡಬೇಕಾದ ವಿಷಯ ಇದೇ ಎಂದು ನನ್ನ ನಂಬಿಕೆ.

ಪ್ರಶ್ನಿಸುವುದು ಜಗಳ ತೆಗೆಯುವುದಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಪಂಚಾಯಿತಿಯ ಹಣಕ್ಕೆ ಎಲ್ಲ ಸದಸ್ಯರೂ ಹೊಣೆಗಾರರು, ಅಧ್ಯಕ್ಷರು ಮತ್ತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಇಬ್ಬರೇ ಅಲ್ಲ. ಒಳ್ಳೆಯ ಪಿಡಿಒಗೆ ಲೆಕ್ಕ ಗೊತ್ತಿರುವ ಸದಸ್ಯರು ಇದ್ದರೆ ಬಲ ಬಂದಂತೆ. ಗುತ್ತಿಗೆದಾರರ ಒತ್ತಡ ತಡೆಯಲು ಅವರಿಗೂ ಒಂದು ಆಸರೆ ಸಿಗುತ್ತದೆ.

ಮೊದಲ ಹೆಜ್ಜೆ: ಅದು ಯಾರ ಹಣ, ಯಾರ ಕೆಲಸ?

ಊರೊಳಗಿನ ಎಲ್ಲ ರಸ್ತೆಯೂ ಪಂಚಾಯಿತಿಯದಲ್ಲ. ಕೆಲವು ಲೋಕೋಪಯೋಗಿ ಇಲಾಖೆಯವು, ಕೆಲವು ಜಿಲ್ಲಾ ಪಂಚಾಯಿತಿಯವು. ಕೆಲವನ್ನು ಶಾಸಕರ ಅನುದಾನದಲ್ಲಿ ಕೆ.ಆರ್.ಐ.ಡಿ.ಎಲ್. (ರಾಜ್ಯ ಸರ್ಕಾರದ ಗ್ರಾಮೀಣ ಮೂಲಸೌಕರ್ಯ ಸಂಸ್ಥೆ) ಅಥವಾ ನಿರ್ಮಿತಿ ಕೇಂದ್ರದಂಥ ನಿರ್ಮಾಣ ಸಂಸ್ಥೆ ಮಾಡಿರುತ್ತದೆ. ಪಂಚಾಯಿತಿ ಮಾಡದ ಕೆಲಸದ ಬಗ್ಗೆ ಪಿಡಿಒ ಮೇಲೆ ಕೂಗಾಡಿದರೆ ಒಂದು ಸಭೆ ಸುಮ್ನೆ ವ್ಯರ್ಥ. ಮೊದಲು ಕಾಮಗಾರಿಯ ನಾಮಫಲಕ ನೋಡಿ. ಫಲಕವೇ ಇಲ್ಲದಿದ್ದರೆ ಅದೇ ನಿಮ್ಮ ಮೊದಲ ಪ್ರಶ್ನೆ.

ಆಮೇಲೆ ಹಣದ ಮೂಲ. ತೆರಿಗೆಯಿಂದ ಬಂದ ಸ್ವಂತ ನಿಧಿಯೇ, ಹಣಕಾಸು ಆಯೋಗದ ಅನುದಾನವೇ, ನರೇಗಾ ಹಣವೇ? ಪ್ರತಿಯೊಂದಕ್ಕೂ ಬೇರೆ ನಿಯಮ. 15ನೇ ಹಣಕಾಸು ಆಯೋಗವು 2021-22ರಿಂದ 2025-26ರ ಅವಧಿಯ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಉಳಿದ ಶೇ 40ರಲ್ಲಿ ಸ್ಥಳೀಯ ಅಗತ್ಯದ ಬೇರೆ ಕೆಲಸ ಮಾಡಬಹುದಿತ್ತು. ಆ ವರ್ಷಗಳ ಲೆಕ್ಕ ನೋಡುವಾಗ ನೀರಿನ ಹಣ ರಸ್ತೆಗೆ ಹೋಗಿದೆಯೇ ಎಂಬುದನ್ನು ಹುಡುಕಬಹುದು, ಅಲ್ವಾ? ಈ ಅನುದಾನದ ಪಾವತಿಗಳು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಯಾರಿಗೆ ಬೇಕಾದರೂ ಕಾಣುತ್ತವೆ. ಮೊಬೈಲ್‌ನಲ್ಲೇ ನೋಡಬಹುದು, ಯಾರ ಅನುಮತಿಯೂ ಬೇಕಿಲ್ಲ.

ಎರಡನೇ ಹೆಜ್ಜೆ: ಕಾಗದಗಳ ಸರಣಿ

ಒಂದು ಕಾಮಗಾರಿಗೆ ಒಂದು ಕಡತ ಇರಬೇಕು. ಅದರಲ್ಲಿ ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ಟೆಂಡರ್ ಅಥವಾ ಕೊಟೇಶನ್, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್, ಪಾವತಿ ವೋಚರ್ ಒಂದರ ಹಿಂದೆ ಒಂದು ಬರುತ್ತವೆ. ಇವನ್ನು ಕೊಡಿ ಎಂದು ಪಿಡಿಒಗೆ ಪತ್ರ ಬರೆಯಿರಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ.

ಕಡತ ಕೈಗೆ ಬಂದಾಗ ಮೊದಲು ಮೊತ್ತ ನೋಡಬೇಡಿ, ದಿನಾಂಕ ನೋಡಿ. ಕಾರ್ಯಾದೇಶಕ್ಕಿಂತ ಮುಂಚೆಯೇ ಕೆಲಸ ಶುರುವಾಗಿದೆಯೇ? ಅಳತೆ ಬರೆದ ದಿನವೇ ಬಿಲ್ ಪಾಸಾಗಿದೆಯೇ? ಮೂರು ಕೊಟೇಶನ್‌ಗಳ ಅಕ್ಷರ, ತಪ್ಪುಗಳು ಒಂದೇ ಥರ ಇವೆಯೇ? ಒಂದೇ ರಸ್ತೆಯನ್ನು 'ಭಾಗ 1', 'ಭಾಗ 2', 'ಭಾಗ 3' ಎಂದು ಒಡೆದಿದ್ದರೆ ಎಚ್ಚರ. ಇದನ್ನೇ ತುಂಡು ಗುತ್ತಿಗೆ ಎನ್ನುತ್ತಾರೆ. ಸರ್ಕಾರಿ ಖರೀದಿ, ಕಾಮಗಾರಿಗಳಿಗೆ ಅನ್ವಯಿಸುವ 1999ರ ಪಾರದರ್ಶಕತೆ ಕಾಯ್ದೆ ಕೇಳುವ ಟೆಂಡರ್ ತಪ್ಪಿಸಿಕೊಳ್ಳಲು ಇದು ಹಳೆಯ ದಾರಿ.

ಇವುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅಳತೆ ಪುಸ್ತಕ. ಎಲ್ಲರೂ ಅದನ್ನು ಎಂ.ಬಿ. ಎನ್ನುತ್ತಾರೆ. ಎಂಜಿನಿಯರ್ ಸ್ಥಳಕ್ಕೆ ಹೋಗಿ, ನಿಜವಾಗಿ ಎಷ್ಟು ಕೆಲಸ ಆಗಿದೆ ಎಂದು ಅಳೆದು ಬರೆಯುವ ಪುಸ್ತಕ ಇದು. ಬಿಲ್ ಹುಟ್ಟುವುದು ಅಂದಾಜು ಪಟ್ಟಿಯಿಂದಲ್ಲ, ಇದರಿಂದ. ಎಂ.ಬಿ.ಯ ಆ ಪುಟದ ಫೋಟೊ ಅಥವಾ ನಕಲು ಇದ್ದರೆ ಮುಂದಿನ ಹೆಜ್ಜೆ ಸಲೀಸು.

ಮೂರನೇ ಹೆಜ್ಜೆ: ಟೇಪು ಹಿಡಿದು ರಸ್ತೆಗೆ

ಇಲ್ಲಿ ನಿಧಾನವಾಗಿ ನೋಡಬೇಕು. ರಸ್ತೆಯ ಉದ್ದ ಮತ್ತು ಅಗಲದಲ್ಲಿ ಮೋಸ ಮಾಡಿದರೆ ಕಣ್ಣಿಗೆ ಕಾಣುತ್ತದೆ. ದಪ್ಪದಲ್ಲಿ ಮಾಡಿದರೆ ಕಾಣುವುದಿಲ್ಲ. ಹಾಗಾಗಿ ಕಾಂಕ್ರೀಟ್ ರಸ್ತೆಯಲ್ಲಿ ನೋಡಬೇಕಾದದ್ದು ದಪ್ಪವನ್ನೇ.

ಒಂದು ಲೆಕ್ಕ ಹಾಕೋಣ. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಎಂದು ಎಂ.ಬಿ.ಯಲ್ಲಿ ಇದೆ ಎಂದಿಟ್ಟುಕೊಳ್ಳಿ. ಮೂರನ್ನೂ ಗುಣಿಸಿದರೆ 45 ಘನ ಮೀಟರ್ ಕಾಂಕ್ರೀಟ್. ಸ್ಥಳದಲ್ಲಿ ದಪ್ಪ 10 ಸೆಂಟಿಮೀಟರ್ ಮಾತ್ರ ಇದ್ದರೆ ಬಿದ್ದಿರುವುದು 30 ಘನ ಮೀಟರ್. ಮೂರನೇ ಒಂದು ಭಾಗ ರಸ್ತೆಗೆ ಬಂದೇ ಇಲ್ಲ. ಎಂ20 ದರ್ಜೆಯ ಕಾಂಕ್ರೀಟ್‌ಗೆ ಘನ ಮೀಟರ್‌ಗೆ ಸುಮಾರು 8 ಚೀಲ ಸಿಮೆಂಟ್ ಬೇಕು. ಅಂದರೆ 120 ಚೀಲ ಸಿಮೆಂಟ್‌ನ ಲೆಕ್ಕ ಎಲ್ಲಿ ಎಂದು ಕೇಳಬಹುದು. 'ಯಾಕೆ ಜಾಸ್ತಿ ಆಯ್ತು' ಎನ್ನುವ ಪ್ರಶ್ನೆಯ ಮುಂದೆ ಈ ಪ್ರಶ್ನೆ ಎಷ್ಟು ಗಟ್ಟಿಯಾಗಿದೆ ನೋಡಿ.

ದಪ್ಪ ಅಳೆಯಲು ಒಳ್ಳೆಯ ಸಮಯ ಕಾಂಕ್ರೀಟ್ ಹಾಕುವ ದಿನ. ಪಕ್ಕಕ್ಕೆ ಕಟ್ಟಿದ ಹಲಗೆ ಎಷ್ಟು ಎತ್ತರ ಇದೆ ಎಂದು ಮೊದಲು ನೋಡಿ. ಅಂಚಿನಲ್ಲಿ ಮಾತ್ರ ಅಳೆಯಬೇಡಿ, ನಡುವೆಯೂ ನೋಡಿ. ಅಂಚನ್ನು ದಪ್ಪ ಮಾಡಿ ನಡುವೆ ಮಣ್ಣು ಏರಿಸುವುದುಂಟು. ಕೆಲಸ ಮುಗಿದ ಮೇಲಾದರೆ ರಸ್ತೆಯಿಂದ ಒಂದು ತುಂಡು (ಕೋರ್) ಕೊರೆದು ತೆಗೆದು ನೋಡುವ ಪರೀಕ್ಷೆ ಇದೆ. ಅದನ್ನು ಮಾಡಿಸಿ ಎಂದು ಸಭೆಯಲ್ಲಿ ಠರಾವು ಮಾಡಿ.

ಕ್ಯೂರಿಂಗ್ ಕೂಡ ಗಮನಿಸಿ. ಕಾಂಕ್ರೀಟ್ ರಸ್ತೆ ಕನಿಷ್ಠ 14 ದಿನ ಒದ್ದೆಯಾಗಿರಬೇಕು. ಎರಡು ದಿನ ನೀರು ಹೊಡೆದು ಬಿಟ್ಟರೆ ಸಿಮೆಂಟ್ ಸರಿಯಾಗಿ ಹಾಕಿದ್ದರೂ ಮೇಲ್ಪದರ ಬೇಗ ಪುಡಿಯಾಗುತ್ತದೆ. ಇದಕ್ಕೆ ಯಾವ ಕಡತವೂ ಸಾಕ್ಷಿ ಹೇಳುವುದಿಲ್ಲ, ಆ ಬೀದಿಯ ಜನರೇ ಹೇಳಬೇಕು. ಅವರನ್ನು ಮಾತಾಡಿಸಿ.

ಹಳೆಯ ರಸ್ತೆ ಕಿತ್ತುಹೋಗಿದೆ, ಮತ್ತೆ ಹೊಸ ಎಸ್ಟಿಮೇಟ್ ಬಂದಿದೆ ಎಂದಾದರೆ ಇನ್ನೊಂದು ಕೇಳಿ: ಇದರ ದೋಷ ಹೊಣೆಗಾರಿಕೆ ಅವಧಿ ಮುಗಿದಿದೆಯೇ? ಆ ಅವಧಿಯೊಳಗೆ ಕೆಟ್ಟರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು. ಅವರ ಭದ್ರತಾ ಠೇವಣಿ ಇಟ್ಟುಕೊಂಡಿರುವುದೇ ಅದಕ್ಕೆ. ಒಪ್ಪಂದದಲ್ಲಿ ಎಷ್ಟು ಅವಧಿ ಬರೆದಿದೆ ನೋಡದೆ ಹೊಸ ಎಸ್ಟಿಮೇಟ್‌ಗೆ ಒಪ್ಪಿಗೆ ಕೊಡಬೇಡಿ.

ಮೋಟರ್, ಬೀದಿದೀಪ, ಮಳಿಗೆ

ರಸ್ತೆಯ ಬಿಲ್ ದೊಡ್ಡದು, ಹಾಗಾಗಿ ಎಲ್ಲರ ಕಣ್ಣು ಅದರ ಮೇಲೆ. ಸಣ್ಣ ಸಣ್ಣ ರಿಪೇರಿ ಬಿಲ್‌ಗಳು ಗದ್ದಲವಿಲ್ಲದೆ ಪಾಸಾಗುತ್ತವೆ. ಮೋಟರ್ ರಿವೈಂಡಿಂಗ್, ಕೇಬಲ್, ಪೈಪ್‌ಲೈನ್ ದುರಸ್ತಿ, ಬಲ್ಬ್ ಖರೀದಿ. ಒಂದೊಂದೂ ಸಣ್ಣದು, ವರ್ಷದ ಮೊತ್ತ ಕೂಡಿಸಿದರೆ ಒಂದು ರಸ್ತೆಯೇ ಆಗುತ್ತದೆ.

ಇಲ್ಲಿ ನಿಮಗೆ ನೆರವಾಗುವವರು ಊರಿಗೆ ನೀರು ಬಿಡುವ ನೀರುಗಂಟಿ. ಯಾವ ಬೋರ್‌ವೆಲ್‌ನ ಮೋಟರ್ ಯಾವಾಗ ಸುಟ್ಟಿತು, ಎಷ್ಟು ದಿನ ನೀರು ನಿಂತಿತ್ತು ಎಂಬುದು ಅವರಿಗೆ ನೆನಪಿರುತ್ತದೆ. ವೋಚರ್‌ಗಳನ್ನು ಬೋರ್‌ವೆಲ್‌ವಾರು ವಿಂಗಡಿಸಿ. ಒಂದೇ ಮೋಟರ್ ವರ್ಷದಲ್ಲಿ ಪದೇ ಪದೇ ರಿಪೇರಿಯಾಗಿದ್ದರೆ ಎರಡೇ ದಾರಿ. ಒಂದೋ ಮೋಟರ್ ಬದಲಿಸಬೇಕು, ಇಲ್ಲವೇ ಬಿಲ್ ಪ್ರಶ್ನಿಸಬೇಕು. ಬದಲಾಯಿಸಿದ ಹಳೆಯ ಕೇಬಲ್, ಪೈಪು, ಮೋಟರ್ ದಾಸ್ತಾನು ವಹಿಯಲ್ಲಿ ಇವೆಯೇ? ಗುಜರಿಗೆ ಹೋಗಿದ್ದರೆ ಆ ಹಣ ಎಲ್ಲಿ ಜಮಾ ಆಗಿದೆ?

ವಿದ್ಯುತ್ ಬಿಲ್ ಕೂಡ ಬಿಡಬೇಡಿ. ಆರ್.ಆರ್. ನಂಬರ್‌ಗಳ (ವಿದ್ಯುತ್ ಸಂಪರ್ಕದ ಸಂಖ್ಯೆಗಳ) ಪಟ್ಟಿ ತೆಗೆದುಕೊಂಡು ಒಂದೊಂದೂ ಯಾವ ಬೋರ್‌ವೆಲ್, ಯಾವ ಬೀದಿ ಎಂದು ಗುರುತು ಹಾಕಿ. ಬತ್ತಿಹೋದ ಬೋರ್‌ವೆಲ್‌ಗೂ ಸಂಪರ್ಕ ಇನ್ನೂ ಜೀವಂತವಾಗಿರಬಹುದು. ಬೀದಿದೀಪಗಳನ್ನು ರಾತ್ರಿ ಎಣಿಸಿ, ಹಗಲಿನಲ್ಲಿ ಎಣಿಸಿದರೆ ಕಂಬದ ಲೆಕ್ಕ ಸಿಗುತ್ತದೆಯೇ ಹೊರತು ದೀಪದ ಲೆಕ್ಕವಲ್ಲ.

ಪಂಚಾಯಿತಿಯ ಮಳಿಗೆ, ಖಾಲಿ ಜಾಗ, ಕಟ್ಟಡಗಳು ಆಸ್ತಿ ವಹಿಯಲ್ಲಿ ಇರಬೇಕು. ಮಳಿಗೆಯ ಬಾಡಿಗೆ ಒಪ್ಪಂದ ಯಾವಾಗ ಮುಗಿಯಿತು, ಮರುಹರಾಜು ಆಗಿದೆಯೇ, ಬಾಕಿ ಎಷ್ಟು? ಹಳೆಯ ದರಕ್ಕೇ ವರ್ಷಗಟ್ಟಲೆ ಮುಂದುವರಿದಿದ್ದರೆ ಅದೂ ನಷ್ಟವೇ, ಖರ್ಚಿನ ಪಟ್ಟಿಯಲ್ಲಿ ಕಾಣುವುದಿಲ್ಲ ಅಷ್ಟೇ. ಜಾಗ ಮಾರುವ ಮಾತು ಬಂದರೆ ಮೇಲಿನವರ ಮಂಜೂರಾತಿ ಪತ್ರ ಕೇಳಿ.

ಯಾರೂ ಕೇಳದ ಲೆಕ್ಕ: ಆರೈಕೆಯ ಹಣ

ಪಂಚಾಯಿತಿಗಳು ತಮ್ಮ ನಿಧಿಯಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ಇಡಬೇಕು. ಪಂಚಾಯಿತಿ ಮಟ್ಟದಲ್ಲಿ ಅವರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 2023ರಲ್ಲಿ ಸರ್ಕಾರ ಪ್ರಕಟಿಸಿದ 'ಕೂಸಿನ ಮನೆ' ಕೇಂದ್ರಗಳಿವೆ. ಅಂಗನವಾಡಿಯ ಶೌಚಾಲಯ, ನೀರು, ಸೂರು ದುರಸ್ತಿ ಇದೆ. ಸಭೆಯಲ್ಲಿ ಇವುಗಳ ಬಗ್ಗೆ ಪ್ರಶ್ನೆ ಬರುವುದು ತುಂಬಾ ಅಪರೂಪ. ಇದು ನನಗೆ ನಿಜಕ್ಕೂ ನೋವು ತರುವ ವಿಷಯ.

ಇಲ್ಲಿ ಪ್ರಶ್ನೆಯ ರೀತಿಯೇ ಬದಲಾಗಬೇಕು. ರಸ್ತೆಯಲ್ಲಿ 'ಜಾಸ್ತಿ ಖರ್ಚಾಯಿತೇ' ಎಂದು ಕೇಳುತ್ತೇವೆ. ಆರೈಕೆಯಲ್ಲಿ 'ಯಾಕೆ ಖರ್ಚಾಗಿಲ್ಲ' ಎಂದೂ ಕೇಳಬೇಕು. ಶೇ 5ರ ಹಣ ವರ್ಷದಿಂದ ವರ್ಷಕ್ಕೆ ಉಳಿಯುತ್ತಿದೆಯೇ? ಮಾರ್ಚ್ ತಿಂಗಳಲ್ಲಿ ಅವಸರದಿಂದ ಒಂದೇ ಥರದ ಸಾಮಾನು ಖರೀದಿಸಿ ಹಂಚಿ ಮುಗಿಸಿದ್ದಾರೆಯೇ? ವೀಲ್‌ಚೇರ್ ಕೊಟ್ಟ ಫೋಟೊ ಇರುತ್ತದೆ, ಆ ಮನೆಯ ಬಾಗಿಲಿಗೆ ರ‍್ಯಾಂಪ್ ಇರುವುದಿಲ್ಲ.

ಫಲಾನುಭವಿಗಳ ಪಟ್ಟಿ ಹಿಡಿದು ಮನೆಗೆ ಹೋಗಿ. ಸಾಮಾನು ಬಂತೇ, ಉಪಯೋಗ ಆಗುತ್ತಿದೆಯೇ, ನಿಮಗೆ ಬೇಕಿದ್ದದ್ದು ಅದೇನಾ ಎಂದು ಕೇಳಿ. ಸಭೆಯಲ್ಲಿ ಮಾತ್ರ ಅವರ ಹೆಸರು, ಕಾಯಿಲೆ ಹೇಳಬೇಡಿ. 'ಪಟ್ಟಿಯಲ್ಲಿ ಇಷ್ಟು ಜನ, ತಲುಪಿದ್ದು ಇಷ್ಟು ಜನರಿಗೆ' ಎಂದರೆ ಸಾಕು. ಕೂಸಿನ ಮನೆಗೆ ಹೋಗುವುದಾದರೆ ಮೊದಲೇ ತಿಳಿಸದೆ, ಕೆಲಸದ ಹೊತ್ತಿನಲ್ಲಿ ಹೋಗಿ. ಹಾಜರಿ ಪುಸ್ತಕದಲ್ಲಿರುವ ಮಕ್ಕಳು ಅಲ್ಲಿದ್ದಾರೆಯೇ, ಆರೈಕೆದಾರರಿಗೆ ಹಣ ಯಾವ ತಿಂಗಳವರೆಗೆ ಬಂದಿದೆ ಎಂದು ವಿಚಾರಿಸಿ. ಅವರಿಗೆ ತಿಂಗಳುಗಟ್ಟಲೆ ಹಣ ಬರದಿದ್ದರೆ ಕೇಂದ್ರ ಮುಚ್ಚಿರುವುದಕ್ಕೆ ಅವರನ್ನು ದೂರುವುದು ನ್ಯಾಯವಲ್ಲ. ಇದೆಲ್ಲ ಪಂಚಾಯಿತಿಯ ಸಾಮಾಜಿಕ ನ್ಯಾಯ ಸಮಿತಿಯ ಕೆಲಸ. ಆ ಸಮಿತಿ ಕೊನೆಯ ಬಾರಿ ಯಾವಾಗ ಸೇರಿತ್ತು ಎಂಬುದೂ ಒಳ್ಳೆಯ ಪ್ರಶ್ನೆ.

ಸಭೆಯಲ್ಲಿ

ಪ್ರಶ್ನೆಯನ್ನು ಬರೆದು ಮೊದಲೇ ಕೊಡಿ. ಒಂದು ಸಭೆಗೆ ಒಂದೆರಡು ಕಾಮಗಾರಿ ಸಾಕು. ಹತ್ತು ಕೇಳಿದರೆ ಹತ್ತಕ್ಕೂ ಹಾರಿಕೆ ಉತ್ತರ ಬರುತ್ತದೆ. 'ಭ್ರಷ್ಟಾಚಾರ ಆಗಿದೆ' ಎಂದು ಶುರು ಮಾಡಬೇಡಿ. 'ಎಂ.ಬಿ.ಯಲ್ಲಿ ಇಷ್ಟು ಇದೆ, ಸ್ಥಳದಲ್ಲಿ ಇಷ್ಟು ಇದೆ, ಜಂಟಿ ಅಳತೆ ಆಗುವವರೆಗೆ ಈ ಬಿಲ್ ತಡೆಹಿಡಿಯಿರಿ' ಎನ್ನಿ. ಕೂಲಿಕಾರರ ಕೂಲಿ ತಡೆಯಬೇಡಿ, ಗುತ್ತಿಗೆದಾರರ ಬಿಲ್ ತಡೆಯಿರಿ. ಹಣ ಹೋಗುವುದು ಅಧ್ಯಕ್ಷರು ಮತ್ತು ಪಿಡಿಒ ತಮ್ಮ ಡಿಜಿಟಲ್ ಸಹಿಯ ಡೋಂಗಲ್ ಹಾಕಿ ಒಪ್ಪಿಗೆ ಕೊಟ್ಟಾಗ. ಆ ಕ್ಷಣಕ್ಕಿಂತ ಮುಂಚೆ ನಿಮ್ಮ ಆಕ್ಷೇಪ ಕಾಗದದ ಮೇಲೆ ಇರಬೇಕು.

ಇನ್ನು ನಡವಳಿ ಪುಸ್ತಕ. ಹಾಜರಾತಿಗೆಂದು ಸಹಿ ಹಾಕಿಸಿಕೊಂಡು, ಠರಾವುಗಳನ್ನು ಆಮೇಲೆ ಬರೆದುಕೊಳ್ಳುವ ಅಭ್ಯಾಸ ಕೆಲವೆಡೆ ಇದೆ. ಖಾಲಿ ಪುಟದ ಕೆಳಗೆ ಸಹಿ ಹಾಕಬೇಡಿ. ಏನೇ ಒತ್ತಾಯ ಬಂದರೂ ಹಾಕಬೇಡಿ. ನಿಮ್ಮ ಪ್ರಶ್ನೆ ಮತ್ತು ಅದಕ್ಕೆ ಬಂದ ಉತ್ತರ ನಡವಳಿಯಲ್ಲಿ ಬರೆದಿದೆಯೇ ಎಂದು ಓದಿ, ಒಪ್ಪಿಗೆ ಇಲ್ಲದಿದ್ದರೆ 'ನನ್ನ ವಿರೋಧವಿದೆ' ಎಂದು ಬರೆಸಿ. ಕರ್ನಾಟಕದಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದು. ಸಹಿ ಮಾತ್ರ ಅವರದು, ಓದುವುದು ಮನೆಯವರು ಎಂಬಂತೆ ಆಗಬಾರದು. ಪುಸ್ತಕವನ್ನು ಮನೆಗೆ ಕಳಿಸಿ ಸಹಿ ಕೇಳಿದರೆ 'ಸಭೆಯಲ್ಲೇ ಓದಿ ಹಾಕುತ್ತೇನೆ' ಎಂದು ವಾಪಸ್ ಕಳಿಸಿ.

ಅಧ್ಯಕ್ಷರು ವಿಷಯವನ್ನು ಮುಂದೂಡುತ್ತಲೇ ಇದ್ದರೆ, ಮೂರನೇ ಒಂದರಷ್ಟು ಸದಸ್ಯರು ಲಿಖಿತವಾಗಿ ಕೇಳಿ ವಿಶೇಷ ಸಭೆ ಕರೆಸಬಹುದು.

ಅಲ್ಲೂ ಉತ್ತರ ಸಿಗದಿದ್ದರೆ

ಕಡತವನ್ನೇ ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಬಳಸಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಬಗ್ಗೆ, 150 ಪದಗಳೊಳಗೆ ಇರಬೇಕು. ಈ ಕಾಯ್ದೆಯಲ್ಲಿ ಕಾಗದ ಪಡೆಯುವ ಹಕ್ಕು ಮಾತ್ರ ಇಲ್ಲ. ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ತುಂಬಾ ಜನ ಇದನ್ನು ಬಳಸುವುದೇ ಇಲ್ಲ.

ದೂರು ಮೊದಲು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ), ಆಮೇಲೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ (ಸಿಇಒ) ಹೋಗಲಿ. ಎಂ.ಬಿ. ನಕಲು, ನೀವು ಅಳೆದ ಅಳತೆ, ದಿನಾಂಕ ಇರುವ ಫೋಟೊ, ಸಭೆಯ ನಡವಳಿ ಲಗತ್ತಿಸಿ. ಹಣ ದುರುಪಯೋಗ ಸ್ಪಷ್ಟವಾಗಿದ್ದರೆ ಲೋಕಾಯುಕ್ತಕ್ಕೆ ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರದ ಜೊತೆ ದೂರು ಕೊಡಬಹುದು.

ಜಮಾಬಂದಿಯನ್ನಂತೂ ತಪ್ಪಿಸಬೇಡಿ. ಗ್ರಾಮ ಪಂಚಾಯಿತಿಗಳಲ್ಲಿ ಇದು ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ನಡೆಯಬೇಕು. ಹಿಂದಿನ ವರ್ಷದ ಲೆಕ್ಕಪತ್ರವನ್ನು ಜನರ ಮುಂದೆ ಇಟ್ಟು, ಕಾಮಗಾರಿಗಳನ್ನು ಸ್ಥಳಕ್ಕೇ ಹೋಗಿ ನೋಡುವ ವ್ಯವಸ್ಥೆ ಇದು. ಅನೇಕ ಕಡೆ ಮಧ್ಯಾಹ್ನದೊಳಗೆ ಮುಗಿಸಿ ಎದ್ದುಬಿಡುತ್ತಾರೆ. ದಿನಾಂಕವನ್ನು ಮೊದಲೇ ಕೇಳಿಕೊಂಡು ನಿಮ್ಮ ವಾರ್ಡಿನ ಜನರಿಗೆ ಹೇಳಿ. ಯಾವ ರಸ್ತೆ, ಯಾವ ಬೋರ್‌ವೆಲ್, ಯಾವ ಅಂಗನವಾಡಿ ನೋಡಬೇಕು ಎಂಬ ಪಟ್ಟಿಯನ್ನು ಹಿಂದಿನ ದಿನವೇ ಜಮಾಬಂದಿ ಅಧಿಕಾರಿಗೆ ಕೊಡಿ. ತಂಡ ಹೊರಟಾಗ ಟೇಪು ಹಿಡಿದು ನೀವೂ ಜೊತೆಗೆ ಹೋಗಿ.